ಬೀಟಲ್ ತಳದ ಮೇಲೊಂದು ಸ್ಪೀಡ್‌ಸ್ಟರ್

ನಾನು ಕೊಂಡಿರುವುದು ಪೋರ್ಷೆ 356 ಸ್ಪೀಡ್‌ಸ್ಟರ್ ಎಂಬ ಹಳೆಯ ತೆರೆದ ಸ್ಪೋರ್ಟ್ಸ್ ಕಾರಿನ ಪ್ರತಿಕೃತಿ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ತಳದ ಮೇಲೆ ಫೈಬರ್‌ಗ್ಲಾಸ್ ಮೈ ಕೂರಿಸಿದ ಗಾಡಿ. ಇದನ್ನು ಬರಿಯ ನಕಲು ಎನ್ನುವುದನ್ನು ನಾನು ಒಪ್ಪುವುದಿಲ್ಲ. 1948ರಲ್ಲಿ ಫೆರಿ ಪೋರ್ಷೆ ಮೊದಲ 356 ಕಟ್ಟಿದಾಗ, ಅದರ ಎಂಜಿನ್ ಮತ್ತು ಸಸ್ಪೆನ್ಷನ್‌ಗಳ ಭಾಗಗಳು ಬಂದದ್ದು ಅವರ ತಂದೆ ಫರ್ಡಿನೆಂಡ್ ಪೋರ್ಷೆ ರೂಪಿಸಿದ ಬೀಟಲ್‌ನಿಂದಲೇ. 

ಕೊಳ್ಳುವ ಮುನ್ನ ಮೊದಲು ನೋಡಿದ್ದು ಆರ್‌ಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರಚನೆಯನ್ನು ಬದಲಿಸಲು ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಆದ್ದರಿಂದ ಮೈ ಬದಲಾದದ್ದು ಬಹಳ ಹಿಂದೆಯೇ ಆರ್‌ಸಿಯಲ್ಲಿ ನಮೂದಾಗಿದ್ದ ಗಾಡಿಯನ್ನೇ ಹುಡುಕಿದೆ.

ನಂತರ ಗಾಡಿಯನ್ನು ಎತ್ತಿಸಿ ಬೆಸುಗೆ ನೋಡಿದೆ. ಬೀಟಲ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,400 ಮಿ.ಮೀ., 356ರದ್ದು 2,100. ಆ ವ್ಯತ್ಯಾಸವನ್ನು ನೀಗಿಸಲು ತಳವನ್ನು ಕತ್ತರಿಸಿ, ಗಿಡ್ಡವಾಗಿಸಿ ಮತ್ತೆ ಬೆಸೆದಿರುತ್ತಾರೆ. ಬಣ್ಣ, ಸೀಟುಗಳ ಅಂದವೆಲ್ಲ ಆಮೇಲೆ; ಆ ಜೋಡಣೆ ನೇರವಾಗಿ, ಗಟ್ಟಿಯಾಗಿ ಇಲ್ಲದಿದ್ದರೆ ಗಾಡಿಯನ್ನು ಅಲ್ಲಿಯೇ ಬಿಟ್ಟು ಬರುವುದು ಒಳಿತು.

ನಿಜವಾದ ಕೆಲಸವಿದ್ದದ್ದು ಹಿಂಬದಿಯಲ್ಲಿ. ಫೈಬರ್ ಮೈ ಹಗುರವಾದ್ದರಿಂದ ಗಾಡಿಯ ಹಿಂಭಾಗ ಮೇಲೆದ್ದು ನಿಲ್ಲುತ್ತದೆ, ಚಕ್ರದೊಂದಿಗೇ ಮೇಲೆ ಕೆಳಗೆ ವಾಲುವ ಸ್ವಿಂಗ್ ಆಕ್ಸಲ್‌ನಲ್ಲಿ ಹಾಗಾದಾಗ ಚಕ್ರಗಳ ತಳಭಾಗ ಒಳಕ್ಕೆ ವಾಲುತ್ತದೆ, ತಿರುವಿನಲ್ಲಿ ಹಿಡಿತ ಥಟ್ಟನೆ ತಪ್ಪುವ ಅಪಾಯವೂ ಇರುತ್ತದೆ. ಪರಿಹಾರವಿರುವುದು ಸ್ಪ್ರಿಂಗಿನಂತೆ ತಿರುಚಿಕೊಳ್ಳುವ ಉಕ್ಕಿನ ಸರಳಾದ ಟಾರ್ಷನ್ ಬಾರ್‌ನ ಹಲ್ಲುಗಳಲ್ಲಿ: ಒಳತುದಿಯಲ್ಲಿ 40, ಹೊರತುದಿಯಲ್ಲಿ 44. ಎರಡೂ ತುದಿಗಳನ್ನು ಒಂದೊಂದು ಹಲ್ಲಿನಷ್ಟು ಎದುರುಬದುರಾಗಿ ಸರಿಸಿದರೆ ಕೋನದಲ್ಲಿ ಒಂದು ಡಿಗ್ರಿಗೂ ಕಡಿಮೆಯ ಬದಲಾವಣೆ ಸಿಗುತ್ತದೆ, ಹಿಂಭಾಗವನ್ನು ಅಷ್ಟಷ್ಟಾಗಿ ಇಳಿಸಬಹುದು. ಈ ಸರಳ ಲೆಕ್ಕದ ಜಾಣ್ಮೆಯನ್ನು ಕಂಡಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಹತ್ತಿರ ಗ್ಯಾರೇಜು ಇಟ್ಟಿರುವ ಹಿರಿಯ ಮೇಸ್ತ್ರಿ, ‘ಅವಸರ ಮಾಡ್ಬೇಡಿ ಸಾರ್, ಎರಡೂ ಕಡೆ ಒಂದೇ ಅಳತೆ ಬರೋವರೆಗೂ ಬಿಡಲ್ಲ’ ಎಂದು ಹಾಗೆಯೇ ಮಾಡಿಕೊಟ್ಟರು.

ಪೆಟ್ರೋಲು ಮತ್ತು ಗಾಳಿಯನ್ನು ಬೆರೆಸುವ ಕಾರ್ಬುರೇಟರ್ ವಿಷಯದಲ್ಲಿ ಬೆಂಗಳೂರಿಗೆ ತನ್ನದೇ ಲೆಕ್ಕವಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಇಲ್ಲಿ ಗಾಳಿ ತೆಳುವಾದ್ದರಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ಹಾಗಾಗಿ ಸಣ್ಣ ಜೆಟ್, ಅಂದರೆ ಪೆಟ್ರೋಲು ಹಾಯುವ ಸಣ್ಣ ರಂಧ್ರದ ತುಣುಕು, ಹಾಕುವುದು ವಾಡಿಕೆ. ಆದರೆ ಈಗ ಬಂಕ್‌ಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲು ಮಿಶ್ರಣವನ್ನು ತೆಳುವಾಗಿಸುತ್ತದೆ, ಅಂದರೆ ಎರಡೂ ಪರಿಣಾಮಗಳು ವಿರುದ್ಧ ದಿಕ್ಕಿನವು. ಆದ್ದರಿಂದ ಮಿಶ್ರಣ ಹೇಗಿದೆಯೆಂದು ತಿಳಿಸುವ ಸ್ಪಾರ್ಕ್ ಪ್ಲಗ್‌ಗಳ ಬಣ್ಣ ನೋಡದೆ ಜೆಟ್ ಬದಲಿಸಬಾರದು. ಹಳೆಯ ರಬ್ಬರ್ ಪೈಪುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸುವುದಂತೂ ಕಡ್ಡಾಯ, ಏಕೆಂದರೆ ಎಂಜಿನ್ ಮೇಲೆ ತೊಟ್ಟಿಕ್ಕುವ ಪೆಟ್ರೋಲು ಇಡೀ ಗಾಡಿಯನ್ನೇ ಸುಟ್ಟೀತು.

ಸಿಲ್ಕ್ ಬೋರ್ಡ್ ಜಂಕ್ಷನ್‌ನಂಥ ಕಡೆ ಟ್ರಾಫಿಕ್‌ನಲ್ಲಿ ನಿಂತಾಗ ಗಾಳಿಯಿಂದ ತಣಿಯುವ ಈ ಎಂಜಿನ್ನಿನ ಫ್ಯಾನೂ ನಿಧಾನವಾಗಿ ತಿರುಗುತ್ತದೆ, ಎಂಜಿನ್ ಬಿಸಿಯೇರುತ್ತದೆ. ಅದಕ್ಕಾಗಿ ಆಯಿಲ್ ತಾಪಮಾನದ ಮೀಟರ್ ಒಂದನ್ನು ಹಾಕಿಸಿದ್ದೇನೆ, ಮುಳ್ಳು ಏರತೊಡಗಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸುತ್ತೇನೆ.