ಕೆಂಪಿನಲ್ಲಿ 14 ಗಂಟೆ

“14 ಗಂಟೆ ಬಾಕಿ ಇದೆ, ಮೇಡಂ. ಗಂಟೆಗೆ 100 ರೂಪಾಯಿಯಂತೆ ಹಾಕಿದ್ದೇನೆ. ಒಮ್ಮೆ ಎಣಿಸಿಕೊಳ್ಳಿ.”

ಮಂಗಳವಾರ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿ ಬಂದ ಸಮವಸ್ತ್ರದಲ್ಲೇ ಮೂರನೇ ಮಹಡಿಯ ನರ್ಸ್ ನಮ್ಮ ಬಾಗಿಲಲ್ಲಿ ನಿಂತು ಲಕೋಟೆ ಚಾಚಿದರು. ಇಷ್ಟು ದಿನ ಅವರಿಗೆ ನಾನು ‘ಅಕ್ಕ’ ಆಗಿದ್ದೆ. ಮೇಡಂ ಆದದ್ದು ಯಾವಾಗ? ಕುಕ್ಕರ್ ಕೂಗುತ್ತಿತ್ತು. “ಇದೆಲ್ಲ ಬೇಡ” ಎನ್ನುವಷ್ಟರಲ್ಲಿ ಅವರು ಲಕೋಟೆಯನ್ನು ಚಪ್ಪಲಿ ಗೂಡಿನ ಮೇಲಿಟ್ಟು ಹೊರಟಾಗಿತ್ತು. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದರು.

ಆ 14 ಗಂಟೆಯ ಲೆಕ್ಕ ಬರೆದದ್ದು ನನ್ನ ಆ್ಯಪ್. ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದ 12 ಕುಟುಂಬಗಳು ಆರು ವಾರಗಳಿಂದ ಅದನ್ನು ಪರೀಕ್ಷಿಸುತ್ತಿವೆ. ನಿಮ್ಮ ಮಗುವನ್ನು ನಾನು ಎರಡು ಗಂಟೆ ನೋಡಿಕೊಂಡರೆ ನಿಮ್ಮ ಖಾತೆಯ ಎರಡು ಗಂಟೆ ನನ್ನ ಖಾತೆಗೆ ಬರುತ್ತದೆ. ಜಮೆ ಇದ್ದವರ ಹೆಸರಿನ ಮುಂದೆ ಹಸಿರು, ಬಾಕಿ ಇದ್ದವರ ಮುಂದೆ ಕೆಂಪು. ಆ ಕೆಂಪನ್ನು ಆರಿಸಲು ನಾನು ಒಂದಿಡೀ ಮಧ್ಯಾಹ್ನ ಕಳೆದಿದ್ದೆ. ಕಣ್ಣಿಗೆ ಚುಚ್ಚಬಾರದು, ಆದರೆ ತಪ್ಪದೆ ಕಾಣಬೇಕು. ಹನ್ನೆರಡೂ ಮನೆಯವರಿಗೆ ಕಾಣಬೇಕು.

ಓದಿಕೊಳ್ಳದೆ ಮಾಡಿದ ಕೆಲಸವೂ ಅಲ್ಲ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್‌ನಲ್ಲಿ 1970ರ ದಶಕದಲ್ಲಿ ಸುಮಾರು 150 ದಂಪತಿಗಳು ಇಂಥದ್ದೇ ಸಹಕಾರ ಸಂಘ ನಡೆಸುತ್ತಿದ್ದರು. ಅವರದು ಕಾಗದದ ಚೀಟಿ, ಒಂದಕ್ಕೆ ಅರ್ಧ ಗಂಟೆ. ಆಪತ್ಕಾಲಕ್ಕಿರಲಿ ಎಂದು ಎಲ್ಲರೂ ಚೀಟಿ ಕೂಡಿಡತೊಡಗಿದರು. ಯಾರೂ ಹೊರಗೆ ಹೋಗದಿದ್ದರೆ ಯಾರ ಮಗುವನ್ನು ನೋಡಿಕೊಂಡು ಚೀಟಿ ಗಳಿಸುವುದು? ಸಂಘ ಸ್ತಬ್ಧವಾಯಿತು. ಹೆಚ್ಚು ಚೀಟಿ ಹಂಚಿದ ಮೇಲೆ ಜೀವ ಬಂತು. 1977ರಲ್ಲಿ ಅದರ ಬಗ್ಗೆ ಅರ್ಥಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಬಂಧವೇ ಬಂತು. ಅದನ್ನೆಲ್ಲ ಓದಿ, ಬುದ್ಧಿವಂತಳಂತೆ, ಪ್ರತಿ ಮನೆಗೂ ಮೊದಲೇ ಹತ್ತು ಗಂಟೆ ಉಚಿತವಾಗಿ ಕೊಟ್ಟಿದ್ದೆ. ಕೂಡಿಡುವವರ ಚಿಂತೆ ನನಗಿತ್ತು. ಕೇಳಲು ನಾಚುವವರು ನೆನಪಿಗೇ ಬರಲಿಲ್ಲ.

ಮೇಡಂ. ಒಮ್ಮೆ ಎಣಿಸಿಕೊಳ್ಳಿ.

ಅವರು ಯಾವಾಗ ಗಂಟೆ ಗಳಿಸಬೇಕಿತ್ತು? ಉಳಿದ ಮನೆಗಳಿಗೆ ಸಹಾಯ ಬೇಕಾಗುವುದು ಸಂಜೆ. ಅವರು ಕೆಲಸಕ್ಕೆ ಹೊರಡುವುದೂ ಸಂಜೆಯೇ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲೇ ತಂದ ತಿದ್ದುಪಡಿ ಹೇಳಿತ್ತು. ಅವರ ಆಸ್ಪತ್ರೆಯಲ್ಲೂ ಒಂದಿದೆಯಂತೆ. ಸಂಜೆ ಆರಕ್ಕೆ ಬೀಗ. ಮೊನ್ನೆ ಮಳೆಗಾಲದಲ್ಲಿ ನನ್ನ ಮಗಳಿಗೆ ಜ್ವರ ಏರಿದಾಗ, ತಮ್ಮ ವಾರದ ರಜೆಯ ರಾತ್ರಿ, ಹನ್ನೊಂದರಿಂದ ಎರಡರವರೆಗೆ ಪಕ್ಕದಲ್ಲಿ ಕುಳಿತು ಮೈ ಒರೆಸಿದವರು ಇವರೇ. ಆಗ ಆ್ಯಪ್ ಇರಲಿಲ್ಲ. ಇದ್ದಿದ್ದರೂ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ತಾಯಿ ಮನೆಯಲ್ಲೇ ಇದ್ದಾಗ ಮಾಡಿದ ಸಹಾಯವನ್ನು ಬರೆದುಕೊಳ್ಳಲು ನಾನು ಜಾಗವನ್ನೇ ಇಟ್ಟಿಲ್ಲ.

ಇತ್ತ ನಮ್ಮ ಹಸಿರು ಪಟ್ಟಿಯ ತುದಿಯಲ್ಲಿರುವ ಮಹನೀಯರದು 31 ಗಂಟೆ ಜಮೆ. ಸಭೆಗಳಲ್ಲಿ ಅವರೇ ಅದನ್ನು ನೆನಪಿಸುತ್ತಾರೆ. ಆ 31 ಗಂಟೆಯೂ ಮಕ್ಕಳ ಮೂಗು ಒರೆಸಿದ್ದು ಅವರ ಹೆಂಡತಿ. ಖಾತೆ ಮಾತ್ರ ಗಂಡನ ಮೊಬೈಲ್ ಸಂಖ್ಯೆಯಲ್ಲಿದೆ. ಇದೂ ನನ್ನದೇ ವಿನ್ಯಾಸ: ಮನೆಗೊಂದು ಖಾತೆ.

ಹಳ್ಳಿಯಲ್ಲಿ ಹೀಗೆಲ್ಲ ಲೆಕ್ಕ ಇಡುತ್ತಿರಲಿಲ್ಲ ಎಂದು ನಿಟ್ಟುಸಿರು ಬಿಡೋಣವೆಂದರೆ ಅದು ಸುಳ್ಳು. ಹಾಸನದ ಕಡೆಯ ನಮ್ಮೂರಿನಲ್ಲಿ ನಾಟಿಗೆ ಮುಯ್ಯಾಳು ಬರುತ್ತಿದ್ದರು. ಅವರು ಒಂದು ದಿನ ನಮ್ಮ ಗದ್ದೆಗೆ ಬಂದರೆ ನಾವೊಂದು ದಿನ ಅವರ ಗದ್ದೆಗೆ. ಲೆಕ್ಕ ಖಚಿತ. ಮದುವೆಯ ಮುಯ್ಯಿಗಂತೂ ಅಮ್ಮನ ಬಳಿ ಪುಸ್ತಕವೇ ಇತ್ತು. ಯಾರು ಎಷ್ಟು ಬರೆಸಿದರು ಎಂಬುದೆಲ್ಲ ಅದರಲ್ಲಿತ್ತು. ಅಮ್ಮ ಎಂದೂ ಬಂದಷ್ಟನ್ನೇ ತಿರುಗಿ ಕೊಟ್ಟವಳಲ್ಲ. 51 ಬಂದ ಮನೆಗೆ 101. ಹಾಗಾಗಿ ಈಗ ಬಾಕಿ ಅವರದು, ಮುಂದಿನ ಮದುವೆಗೆ ಮತ್ತೆ ನಮ್ಮದು. ಲೆಕ್ಕ ಮುಗಿಯುತ್ತಲೇ ಇರಲಿಲ್ಲ. ಆ ಪುಸ್ತಕ ಸೀರೆಗಳ ಕೆಳಗೆ, ಟ್ರಂಕಿನಲ್ಲಿರುತ್ತಿತ್ತು. ಅದನ್ನು ಅಮ್ಮ ಹಜಾರದ ಗೋಡೆಗೆ ನೇತುಹಾಕಿದ್ದರೆ ಊರಿನಲ್ಲಿ ಎಷ್ಟು ಮನೆಯವರು ನಮ್ಮ ಅಂಗಳ ತುಳಿಯುತ್ತಿದ್ದರು? ನಾನು ಮಾಡಿದ್ದು ಅದನ್ನೇ, ದುಂಡಗಿನ ಅಕ್ಷರಗಳಲ್ಲಿ.

ಮಂಗಳವಾರ ರಾತ್ರಿ ದಾಖಲೆ ತೆರೆದು ನೋಡಿದೆ. ಆ ನರ್ಸ್ ಕೊನೆಯ ಸಲ ಸಹಾಯ ಕೇಳಿ 17 ದಿನ ಆಗಿತ್ತು. ಈ 17 ರಾತ್ರಿ ಐದು ವರ್ಷದ ಆ ಹುಡುಗ ಎಲ್ಲಿ ಮಲಗುತ್ತಿದ್ದ? ಇದನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಬುಧವಾರ ಪಟ್ಟಿಯನ್ನು ತೆಗೆದುಹಾಕಿದೆ. ಈಗ ಯಾರ ಲೆಕ್ಕ ಅವರಿಗೆ ಮಾತ್ರ ಕಾಣುತ್ತದೆ, ಕೆಂಪು ಎಲ್ಲೂ ಇಲ್ಲ. “ಹಾಗಾದರೆ ಬರೀ ತೆಗೆದುಕೊಳ್ಳುವವರನ್ನು ಹಿಡಿಯುವುದು ಹೇಗೆ?” ಎಂದು 31 ಗಂಟೆಯ ಮಹನೀಯರು ಸಂದೇಶ ಕಳಿಸಿದ್ದಾರೆ. ಉತ್ತರಿಸಿಲ್ಲ. ನನ್ನಲ್ಲಿ ಉತ್ತರವೂ ಇಲ್ಲ.

ನಮ್ಮ ಅಡುಗೆಮನೆಯಲ್ಲಿ ಆ ನರ್ಸ್ ಮನೆಯ ಸ್ಟೀಲ್ ಡಬ್ಬವೊಂದು ಉಳಿದಿತ್ತು, ಗಣೇಶನ ಹಬ್ಬದಲ್ಲಿ ಕಡುಬು ತಂದದ್ದು. ಡಬ್ಬವನ್ನು ಖಾಲಿ ಕಳಿಸಬಾರದಲ್ಲ. ಗುರುವಾರ ಕೋಡುಬಳೆ ಕರಿದು, ತಳದಲ್ಲಿ ಲಕೋಟೆಯಿಟ್ಟು, ಮೇಲೆ ಬಾಳೆಲೆಯ ತುಂಡು ಹಾಸಿ ತುಂಬಿದೆ. ಮಗಳು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೊಟ್ಟು ಬಂದಳು.

ಇವತ್ತು ಭಾನುವಾರ. ಡಬ್ಬ ಇನ್ನೂ ಅವರಲ್ಲೇ ಇದೆ.