ಕೀಲಿಯಿಂದ ಬೈಟಿಗೆ, ಬೈಟಿನಿಂದ ಅಕ್ಷರಕ್ಕೆ: ಫೆಡೋರಾದಲ್ಲಿ ಕನ್ನಡದ ಟೆಸ್ಟ್ ಕೇಸ್ ಜೋಡಿಸುವುದು

17 ಫೆಬ್ರವರಿ 2024, ಶನಿವಾರ

ಬೆಳಿಗ್ಗೆ

ಇವತ್ತಿನ ಕೆಲಸ ಕನ್ನಡ ಟೈಪಿಂಗ್‌ನ ಟೆಸ್ಟ್ ಕೇಸ್‌ಗಳನ್ನು ಫೆಡೋರಾ ಎಂಬ ಲಿನಕ್ಸ್ ವ್ಯವಸ್ಥೆಯ ವಿಕಿಯ ಪದ್ಧತಿಗೆ ಹೊಂದಿಸುವುದು. ಟೆಸ್ಟ್ ಕೇಸ್ ಎಂದರೆ ತಂತ್ರಾಂಶ ಸರಿಯಾಗಿ ನಡೆಯುತ್ತದೆಯೇ ಎಂದು ಹೆಜ್ಜೆಹೆಜ್ಜೆಯಾಗಿ ನೋಡುವ ಸೂಚನೆಪಟ್ಟಿ. ಸ್ವಯಂಸೇವಕರು ಬರೆಯುವ ಟೆಸ್ಟ್ ಕೇಸ್‌ನ ಮೊದಲ ಕರಡು ಎಲ್ಲ ಸಮುದಾಯಗಳಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ: 'ಕನ್ನಡ ಕೀಬೋರ್ಡ್ ಆನ್ ಮಾಡಿ, ಒಂದಿಷ್ಟು ಟೈಪ್ ಮಾಡಿ, ಸರಿಯಾಗಿ ಬರಬೇಕು.' ಇದಕ್ಕೆ ಹತ್ತು ಜನ 'ಪಾಸ್' ಒತ್ತಿದರೂ ಏನೂ ಗೊತ್ತಾಗುವುದಿಲ್ಲ, ಒಬ್ಬರು 'ಫೇಲ್' ಒತ್ತಿದರೆ ಬಗ್ ಯಾರ ಮೇಲೆ ಹಾಕಬೇಕು ಅನ್ನುವುದೂ ಗೊತ್ತಾಗುವುದಿಲ್ಲ.

ಹೊಸಬರಿಗೆ ಹಿನ್ನೆಲೆ. ಫೆಡೋರಾದ ವಿಕಿ ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ಪ್ರತಿ ಟೆಸ್ಟ್ ಕೇಸ್ ಒಂದು ಪುಟ. ಅದಕ್ಕೊಂದು ಟೆಂಪ್ಲೇಟ್ ಇದೆ: ವಿವರಣೆ, ಸಿದ್ಧತೆ, ಮಾಡಬೇಕಾದ ಹೆಜ್ಜೆಗಳು, ಬರಬೇಕಾದ ಫಲಿತಾಂಶ, ಬೇಕಿದ್ದವರಿಗೆ ಐಚ್ಛಿಕ ಭಾಗ. ಪುಟದ ಹೆಸರು 'ಕ್ಯೂಎ:ಟೆಸ್ಟ್‌ಕೇಸ್' ಎಂದು ಶುರುವಾಗುತ್ತದೆ, ನಂತರ ಪ್ಯಾಕೇಜ್ (ಒಟ್ಟಿಗೆ ಹಾಕಿಕೊಳ್ಳುವ ತಂತ್ರಾಂಶದ ಕಟ್ಟು), ಕೊನೆಗೆ ಪರೀಕ್ಷಿಸುವ ಕೆಲಸ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಎಡವುವುದು ಆಮೇಲೆ, ವರ್ಗ (ಪುಟಗಳನ್ನು ಗುಂಪು ಮಾಡುವ ಕ್ಯಾಟಗರಿ) ಹಾಕುವಲ್ಲಿ.

ಪ್ಯಾಕೇಜಿನ ಹೊಸ ಆವೃತ್ತಿ ಬಂದಾಗ ಅದು 'ಬೋಧಿ' ಎಂಬ ವ್ಯವಸ್ಥೆಯ ಮೂಲಕ ಹೋಗುತ್ತದೆ. (ಜ್ಞಾನೋದಯ ಪರೀಕ್ಷಕರಿಗೋ ಪ್ಯಾಕೇಜಿಗೋ ಎಂದು ಕೇಳಬೇಡಿ.) ಆ ಪ್ಯಾಕೇಜಿನ ಹೆಸರಿನ ಟೆಸ್ಟ್ ಕೇಸ್ ವರ್ಗ ವಿಕಿಯಲ್ಲಿದ್ದರೆ ಬೋಧಿ ಅದನ್ನು ಓದಿ, ಅದರೊಳಗಿನ ಕೇಸ್‌ಗಳನ್ನು ಅಪ್‌ಡೇಟ್ ಪುಟದಲ್ಲೇ ತೋರಿಸುತ್ತದೆ. ಪರೀಕ್ಷಕರು ಒಂದೊಂದಕ್ಕೂ ಬೇರೆಬೇರೆಯಾಗಿ ಮೆಚ್ಚುಗೆ ಅಥವಾ ತಕರಾರು ಕೊಡಬಹುದು. ವರ್ಗದ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಎಲ್ಲೂ ದೋಷದ ಸಂದೇಶ ಬರುವುದಿಲ್ಲ, ಪಟ್ಟಿ ಸುಮ್ಮನೆ ಖಾಲಿ ಇರುತ್ತದೆ. ಇನ್ನೊಂದು ಮಾತು: ವರ್ಗದಲ್ಲಿ ಇರಬೇಕಾದದ್ದು ಸೋರ್ಸ್ ಪ್ಯಾಕೇಜಿನ (ಮೂಲ ಕೋಡ್ ಇರುವ ಪ್ಯಾಕೇಜಿನ) ಹೆಸರು. ಒಂದು ಸೋರ್ಸ್‌ನಿಂದ ನಾಲ್ಕು ಬೈನರಿ (ಯಂತ್ರದಲ್ಲಿ ಹಾಕುವ ಸಿದ್ಧ ಪ್ಯಾಕೇಜ್) ಹುಟ್ಟುವ ಕಡೆ ಜನ ಬೈನರಿಯ ಹೆಸರು ಹಾಕಿ ಕಾಯುತ್ತಾ ಕೂರುತ್ತಾರೆ.

ಕನ್ನಡ ಟೈಪಿಂಗ್‌ನಲ್ಲಿ ಈ ತೊಡಕು ಇನ್ನೊಂದು ಸುತ್ತು ಹೆಚ್ಚು. ಟೈಪಿಂಗ್ ವಿಧಾನಗಳನ್ನು ನಡೆಸುವ ಚೌಕಟ್ಟು ಐಬಸ್. ಅದರೊಳಗೆ ಕೂತು ಕೀಲಿಗಳನ್ನು ಅಕ್ಷರ ಮಾಡುವ ಎಂಜಿನ್ ಐಬಸ್-ಎಂ17ಎನ್. ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮುಂತಾದ, ಯಾವ ಕೀಲಿಗೆ ಯಾವ ಅಕ್ಷರ ಎಂದು ಹೇಳುವ ಕನ್ನಡ ಕೀಮ್ಯಾಪ್‌ಗಳಿರುವುದು ಮಾತ್ರ ಎಂ17ಎನ್-ಡಿಬಿ ಪ್ಯಾಕೇಜಿನಲ್ಲಿ. ಕೇಸನ್ನು ಎಂಜಿನ್ನಿನ ವರ್ಗಕ್ಕಷ್ಟೇ ಸೇರಿಸಿದರೆ ಕೀಮ್ಯಾಪ್ ಬದಲಾದ ದಿನ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ವರ್ಗ ಹಾಕುವಾಗ 'ಇದು ಯಾವ ವಿಷಯದ ಕೇಸ್' ಎಂದು ಕೇಳುವುದು ಬಿಟ್ಟು 'ಯಾವ ಪ್ಯಾಕೇಜ್ ಕೆಟ್ಟರೆ ಇದು ಫೇಲ್ ಆಗುತ್ತದೆ' ಎಂದು ಕೇಳಬೇಕು. ಮೂರು ಪ್ಯಾಕೇಜ್ ಆದರೆ ಮೂರು ವರ್ಗ. ಮೀಡಿಯಾವಿಕಿಯಲ್ಲಿ ಒಂದೇ ಪುಟ ಎಷ್ಟು ವರ್ಗದಲ್ಲಾದರೂ ಇರಬಹುದು, ಪುಟವನ್ನು ನಕಲು ಮಾಡಬೇಡಿ. ಆರು ತಿಂಗಳಲ್ಲಿ ಎರಡು ನಕಲು ಎರಡು ಮಾತಾಡುತ್ತವೆ.

ಮಧ್ಯಾಹ್ನ

ಕರಡನ್ನು ಎರಡಾಗಿ ಸೀಳಿದ್ದಾಯಿತು. ಮೊದಲನೆಯದು ಕೀಲಿ ಒತ್ತಿದರೆ ಸರಿಯಾದ ಬೈಟ್‌ಗಳು ಬಂದವೇ ಎಂಬುದು. ಎರಡನೆಯದು ಬೈಟ್‌ಗಳು ಸರಿಯಿದ್ದರೆ ತೆರೆಯ ಮೇಲೆ ಸರಿಯಾದ ರೂಪ ಮೂಡಿತೇ ಎಂಬುದು. ಮೊದಲನೆಯದು ತಪ್ಪಿದರೆ ಕೀಮ್ಯಾಪ್ ಅಥವಾ ಎಂಜಿನ್, ಎರಡನೆಯದು ತಪ್ಪಿದರೆ ಹಾರ್ಫ್‌ಬಜ್ (ಅಕ್ಷರಗಳನ್ನು ಜೋಡಿಸಿ ರೂಪ ಕೊಡುವ ತಂತ್ರಾಂಶ) ಅಥವಾ ಫಾಂಟ್. ಎರಡನ್ನೂ ಒಂದೇ ಪುಟದಲ್ಲಿ ಇಟ್ಟರೆ ಫಾಂಟಿನ ಬಗ್ ಕೀಮ್ಯಾಪ್ ನೋಡಿಕೊಳ್ಳುವವರ ತಲೆಗೆ ಬರುತ್ತದೆ, ಅವರು ಮುಚ್ಚುತ್ತಾರೆ, ಅಲ್ಲಿಗೆ ಮುಗಿಯಿತು.

ಮೊದಲನೆಯದರ ಹೆಜ್ಜೆ ಹೀಗೆ. ಕೆಜಿಪಿ ವಿನ್ಯಾಸದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಬೇಕು. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಇದು ಹೇಳಬೇಕಾಗಿಲ್ಲ: ಎಫ್ ಎಂದರೆ ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ಡಬ್ಲ್ಯೂ ಎಂದರೆ ಡ. ಬರಬೇಕಾದದ್ದು 'ಕನ್ನಡ': ಐದು ಕೀಲಿ, ಐದು ಕೋಡ್‌ಪಾಯಿಂಟ್ (ಯೂನಿಕೋಡ್ ಪ್ರತಿ ಚಿಹ್ನೆಗೂ ಕೊಟ್ಟ ಸಂಖ್ಯೆ), ಆ ಸಂಖ್ಯೆಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ 15 ಬೈಟ್. ಫೈಲ್ ಉಳಿಸಿ ಬೈಟ್ ಎಣಿಸಿದಾಗ 16 ಬಂದರೆ ಗಾಬರಿ ಬೇಡ, ಎಡಿಟರ್ ಕೊನೆಗೆ ತಾನೇ ಒಂದು ಹೊಸ ಸಾಲು ಸೇರಿಸಿರುತ್ತದೆ. ಇದನ್ನು ಫಲಿತಾಂಶದ ಭಾಗದಲ್ಲೇ ಬರೆದಿಡಿ. ಇಲ್ಲದಿದ್ದರೆ ಮೊದಲ ವಾರವೇ ಒಂದು ಸುಳ್ಳು ಬಗ್ ಬರುತ್ತದೆ.

ಮುಂದಿನದು ಕೆ, ಆಮೇಲೆ ಶಿಫ್ಟ್ ಜೊತೆ ಓ. 'ಕೋ' ಬರಬೇಕು, 6 ಬೈಟ್. 12 ಬೈಟ್ ಬಂದರೆ ಅದು ಎ-ಕಾರದ ಚಿಹ್ನೆ, ಊ-ಕಾರದ ಚಿಹ್ನೆ, ದೀರ್ಘ ಚಿಹ್ನೆ ಎಂದು ಬಿಡಿಬಿಡಿಯಾಗಿ ಬಂದ 'ಕೋ'. ಕಣ್ಣಿಗೆ ಎರಡೂ ಒಂದೇ, ಆದರೆ ಬೈಟ್ ಹೋಲಿಸಿ ಹುಡುಕುವ ತಂತ್ರಾಂಶಕ್ಕೆ ಬೇರೆಬೇರೆ.

ಬಿಡಿ ರೂಪ ತೆರೆಯ ಮೇಲೆ ಸರಿಯಾಗಿ ಕೂಡುತ್ತದೆಯೇ ಎಂಬುದು ಎರಡನೆಯ ಕೇಸ್‌ನಲ್ಲಿ ಬೇಕು. ಆ ಪಠ್ಯವನ್ನು ವಿಕಿ ಪುಟದಲ್ಲಿ ಹಾಗೇ ಅಂಟಿಸಿದರೆ ಕೆಲಸ ಕೆಟ್ಟಿತು. ಮೀಡಿಯಾವಿಕಿ ಉಳಿಸುವಾಗ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ ತರುತ್ತದೆ, ಅಂದರೆ ಬಿಡಿ ಚಿಹ್ನೆಗಳನ್ನು ಕೂಡಿಸಿ ಒಂದೇ 'ೋ' ಮಾಡಿಬಿಡುತ್ತದೆ. ಪರೀಕ್ಷಕರು ಪುಟದಿಂದ ನಕಲಿಸಿಕೊಂಡದ್ದು ಆಗಲೇ ಕೂಡಿಸಿದ ರೂಪ, ಹಾಗಾಗಿ ಕೇಸ್ ಸದಾ ಪಾಸ್. ತಪ್ಪಿಸಿಕೊಳ್ಳುವ ದಾರಿ: 3221, 3270, 3266, 3285 ಎಂಬ ದಶಮಾಂಶ ಸಂಖ್ಯೆಗಳನ್ನು ಎಚ್‌ಟಿಎಂಎಲ್ ಎಂಟಿಟಿಯಾಗಿ ಬರೆಯುವುದು, ಪ್ರತಿಯೊಂದರ ಮುಂದೆ ಆಂಪರ್ಸೆಂಡ್ ಮತ್ತು ಹ್ಯಾಶ್, ಹಿಂದೆ ಸೆಮಿಕೋಲನ್. ಇನ್ನೂ ಒಳ್ಳೆಯದು, ಪಠ್ಯವನ್ನು ಗಿಟ್‌ನಲ್ಲಿ ಫೈಲಾಗಿ ಇಟ್ಟು ಪುಟದಿಂದ ಕೊಂಡಿ ಕೊಡುವುದು.

ಈಗ ರಕಾರ, ಕನ್ನಡದ ಟೆಸ್ಟ್ ಕೇಸ್‌ಗಳಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ಅಕ್ಷರ. ರ, ವಿರಾಮ, ಯ ಎಂಬ ಮೂರು ಕೋಡ್‌ಪಾಯಿಂಟ್ ಕೊಟ್ಟರೆ 'ಸೂರ್ಯ'ದಲ್ಲಿರುವ ಹಾಗೆ ಯ ಮುಂದೆ, ಅರ್ಕಾವತ್ತು ಅದರ ಬಲಕ್ಕೆ. 'ರ‍್ಯಾಂಕ್' ಬರೆಯುವಾಗ ಬೇಕಾದದ್ದು ಪೂರ್ತಿ ರ, ಅದಕ್ಕೆ ಯ ಒತ್ತು. ಅದಕ್ಕಾಗಿ ಯೂನಿಕೋಡ್ ಹೇಳುವ ಕ್ರಮ ರ, ಜೆಡ್‌ಡಬ್ಲ್ಯೂಜೆ (ಅಕ್ಷರಗಳು ಕೂಡುವ ಬಗೆಯನ್ನು ಹೇಳುವ ಗುರುತು), ವಿರಾಮ, ಯ. ಮೊದಲನೆಯದು 9 ಬೈಟ್, ಎರಡನೆಯದು 12. ಆದರೆ ಬೈಟ್ ಎಣಿಕೆಯನ್ನಷ್ಟೇ ನಂಬಿದರೆ ಇಲ್ಲಿ ಮೋಸ ಹೋಗುತ್ತೀರಿ. ವಿರಾಮದ ನಂತರ ಜೆಡ್‌ಡಬ್ಲ್ಯೂಜೆ ಇಟ್ಟ ಪಠ್ಯಗಳೂ ಚಲಾವಣೆಯಲ್ಲಿವೆ, ಅವೂ 12 ಬೈಟೇ. ಹೆಕ್ಸ್ ಡಂಪ್ (ಫೈಲಿನ ಒಂದೊಂದು ಬೈಟಿನ ಪಟ್ಟಿ) ತೆಗೆದು ನೋಡಬೇಕು: ನಾಲ್ಕು, ಐದು, ಆರನೆಯ ಬೈಟ್‌ಗಳು ಜೆಡ್‌ಡಬ್ಲ್ಯೂಜೆಯದ್ದಾಗಿರಬೇಕು. ಜೆಡ್‌ಡಬ್ಲ್ಯೂಜೆ ಕಣ್ಣಿಗೆ ಕಾಣದ ಅಕ್ಷರ, ಚಾಟ್ ಆ್ಯಪ್‌ನಿಂದಲೋ ಪಿಡಿಎಫ್‌ನಿಂದಲೋ ನಕಲಿಸುವಾಗ ದಾರಿಯಲ್ಲಿ ಉದುರಿಹೋದರೂ ತಿಳಿಯುವುದಿಲ್ಲ. ಹೀಗಾಗಿ ಬರಬೇಕಾದ ಫಲಿತಾಂಶದಲ್ಲಿ ಚಿತ್ರವೂ ಬೇಕು, ಕೋಡ್‌ಪಾಯಿಂಟ್‌ಗಳ ಹೆಸರೂ ಬೇಕು.

ರೂಪದ ಕೇಸ್‌ಗೆ ಫಾಂಟಿನ ಹೆಸರು ಬರೆಯಲೇಬೇಕು. ಲೋಹಿತ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ ಎರಡರಲ್ಲೂ ನೋಡಿ, ಎರಡು ಫಲಿತಾಂಶ ದಾಖಲಿಸಿ. ಎರಡರಲ್ಲೂ ಒಂದೇ ತಪ್ಪು ಕಂಡರೆ ಅನುಮಾನ ಹಾರ್ಫ್‌ಬಜ್ ಮೇಲೆ, ಒಂದರಲ್ಲಷ್ಟೇ ಕಂಡರೆ ಆ ಫಾಂಟಿನ ಮೇಲೆ. ಟೆಕ್ಸ್ಟ್ ಎಡಿಟರಿನಲ್ಲಿ ಸರಿಯಿದ್ದು ಫೈರ್‌ಫಾಕ್ಸ್‌ನಲ್ಲಿ ತಪ್ಪಾದರೆ ನೆನಪಿಡಿ, ಫೈರ್‌ಫಾಕ್ಸ್ ತನ್ನದೇ ಹಾರ್ಫ್‌ಬಜ್ ಪ್ರತಿಯನ್ನು ಒಳಗಿಟ್ಟುಕೊಂಡಿದೆ.

ಸಂಜೆ

ಸಿದ್ಧತೆಯ ಭಾಗವನ್ನು ಜನ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಸುಳ್ಳು ಪಾಸ್‌ಗಳೆಲ್ಲ ಹುಟ್ಟುವುದು ಅಲ್ಲೇ. ಹೊಸ ಎಂ17ಎನ್-ಡಿಬಿ ಹಾಕಿದ ಮೇಲೂ ಓಡುತ್ತಿರುವ ಎಂಜಿನ್ ಹಳೆಯ ಕೀಮ್ಯಾಪನ್ನೇ ಹಿಡಿದುಕೊಂಡಿರಬಹುದು. ಆದ್ದರಿಂದ ಐಬಸ್ ಮರುಚಾಲನೆ ಮಾಡಿ, ಅದಕ್ಕಿಂತ ಲಾಗ್‌ಔಟ್ ಆಗಿ ಬರುವುದೇ ವಾಸಿ. ಎರಡನೆಯದು ಇದಕ್ಕಿಂತ ಕಿಲಾಡಿ: ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಎಂ17ಎನ್ ಫೋಲ್ಡರ್ ಇದ್ದು, ಅದರಲ್ಲಿ ಅದೇ ಕೀಮ್ಯಾಪಿನ ತಿದ್ದಿದ ಪ್ರತಿ ಇದ್ದರೆ, ವ್ಯವಸ್ಥೆಯದ್ದನ್ನು ಬಿಟ್ಟು ಅದನ್ನೇ ಓದಲಾಗುತ್ತದೆ. ಕೀಮ್ಯಾಪನ್ನು ಒಮ್ಮೆಯಾದರೂ ಕೆದಕಿದವರ ಮನೆಯಲ್ಲೆಲ್ಲ ಅದು ಇರುತ್ತದೆ, ಪರೀಕ್ಷೆಗೆ ಮುಂದೆ ಬರುವವರೂ ಅವರೇ. ಹಾಗಾಗಿ ಸಿದ್ಧತೆಯ ಮೊದಲ ಸಾಲು: ಹೊಸ ಯೂಸರ್ ಖಾತೆ ತೆರೆಯಿರಿ. ಎರಡನೆಯ ಸಾಲು: ಆರ್‌ಪಿಎಂ (ಫೆಡೋರಾದ ಪ್ಯಾಕೇಜ್ ಫೈಲ್) ಆವೃತ್ತಿಯ ಪೂರ್ತಿ ಸಂಖ್ಯೆ ಫಲಿತಾಂಶದ ಜೊತೆ ಬರೆಯಿರಿ.

ಮೂರನೆಯ ಕೇಸ್ ಚಿಕ್ಕದು. ಪದ ಟೈಪ್ ಮಾಡಿ ಸ್ಪೇಸ್ ಒತ್ತದೆ, ಕೊನೆಯ ಅಕ್ಷರದ ಕೆಳಗೆ ಗೆರೆ ಇರುವಾಗಲೇ (ಅಂದರೆ ಅದು ಇನ್ನೂ ಪಕ್ಕಾ ಆಗದಿರುವಾಗ) ಮೌಸ್‌ನಿಂದ ಬೇರೆ ಕಡೆ ಕ್ಲಿಕ್ ಮಾಡಿ. ಅಕ್ಷರ ಮಾಯವಾಗಬಾರದು, ಎರಡು ಸಲ ಬೀಳಲೂಬಾರದು. ಇದು ಐಬಸ್, ಎಂಜಿನ್ ಎರಡರ ವರ್ಗಕ್ಕೂ ಸೇರುತ್ತದೆ.

ಪುಟದ ಹೆಸರು ಬದಲಿಸುವ ಆಸೆ ಬಂದರೆ ತಡೆದುಕೊಳ್ಳಿ. ಬಿಡುಗಡೆಯ ಫಲಿತಾಂಶ ಕೋಷ್ಟಕಗಳಲ್ಲಿ ಪಾಸ್, ಫೇಲ್, ವಾರ್ನ್ ಎಂಬ ಗುರುತು, ಪಕ್ಕದಲ್ಲಿ ಪರೀಕ್ಷಕರ ಖಾತೆ, ಬಗ್ ಸಂಖ್ಯೆ ಇರುತ್ತವೆ. ಅವೆಲ್ಲ ಹಳೆಯ ಹೆಸರಿಗೇ ಅಂಟಿಕೊಂಡಿರುತ್ತವೆ. ಹೆಜ್ಜೆಗಳ ಅರ್ಥವೇ ಬದಲಾದರೆ ಮಾತ್ರ ಹೊಸ ಹೆಸರಿನ ಪುಟ, ಹಳೆಯದರಿಂದ ವರ್ಗ ತೆಗೆದು ಹೊಸದಕ್ಕೆ ಕೊಂಡಿ.

ಇದನ್ನೆಲ್ಲ ಪರೀಕ್ಷೆಗಳನ್ನು ತಾನೇ ನಡೆಸುವ ಓಪನ್‌ಕ್ಯೂಎಗೆ ಒಪ್ಪಿಸಬಾರದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಓಪನ್‌ಸೂಸೆಯಲ್ಲಿ ಹುಟ್ಟಿದ ಆ ಉಪಕರಣ ತೆರೆಯ ಚಿತ್ರವನ್ನು 'ನೀಡಲ್' ಎಂಬ ಮಾದರಿ ಚಿತ್ರದ ಗುರುತಿಸಿದ ಭಾಗಗಳೊಂದಿಗೆ ಹೋಲಿಸುತ್ತದೆ. ಫಾಂಟಿನ ಹೊಸ ಆವೃತ್ತಿಯಲ್ಲಿ ಅಕ್ಷರದ ಅಗಲ ಕೂದಲೆಳೆಯಷ್ಟು ಸರಿದರೂ ಹೋಲಿಕೆ ತಪ್ಪಬಹುದು, ಆಗ ಕನ್ನಡ ಓದಬಲ್ಲವರು ಕೂತು ನೀಡಲ್ ಹೊಸದಾಗಿ ತೆಗೆಯಬೇಕು. ಬೈಟ್ ಎಣಿಸುವ ಮೊದಲ ಕೇಸ್ ಯಂತ್ರಕ್ಕೆ ಸುಲಭ. ಅರ್ಕಾವತ್ತು ಸರಿಯಾದ ಜಾಗದಲ್ಲಿ ಕೂತಿದೆಯೇ ಎಂಬುದನ್ನು ಸದ್ಯಕ್ಕೆ ಕಣ್ಣಿಗೇ ಬಿಟ್ಟಿದ್ದೇವೆ.

ನಾಳೆಗೆ ಉಳಿದದ್ದು ಇನ್‌ಸ್ಕ್ರಿಪ್ಟ್. ಅಲ್ಲಿ 'ಕನ್ನಡ' ಎಂದರೆ ಕೆ, ವಿ, ಡಿ, ವಿ, ಆಮೇಲೆ ಎಡ ಚೌಕ ಆವರಣ. ಅದೇ ಐದು ಕೀಲಿ, ಅದೇ 15 ಬೈಟ್. ಹೆಜ್ಜೆಗಳು ಬೇರೆ, ಆದ್ದರಿಂದ ಪುಟವೂ ಬೇರೆ.