ಮೂರನೇ ಕಾರ್ಡ್ ಯಾಕೆ ಮಾಯವಾಗುತ್ತಿತ್ತು

ನಾಲ್ಕು ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಇರುವ ಹಳೇ ಮೈನಿಂಗ್ ರಿಗ್ (ಲೆಕ್ಕ ಮಾಡಿ ಕ್ರಿಪ್ಟೋ ಕಾಯಿನ್ ಗಳಿಸುವ ಕಂಪ್ಯೂಟರ್) ಒಂದನ್ನು ಮಂಗಳೂರಿನ ಗೆಳೆಯನ ಕೈಯಿಂದ ತಗೊಂಡು, ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯ ಮಾಳಿಗೆಯಲ್ಲಿ ಇಟ್ಟಿದ್ದೇನೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋದಲ್ಲಿ ಮೈನಿಂಗೇ ನಿಂತು ಹೋಯಿತಲ್ವಾ, ಆಮೇಲೆ ಇಂಥ ಕಾರ್ಡುಗಳ ರೇಟು ಇಳಿಯಿತು. ನಾನು ಈಗ ಮೈನ್ ಮಾಡುವುದು ರೇವನ್‌ಕಾಯಿನ್ ಎಂಬ ಇನ್ನೊಂದು ಕಾಯಿನ್. ಲಿನಕ್ಸ್ ಮತ್ತು ಹಾರ್ಡ್‌ವೇರ್ ಎರಡನ್ನೂ ಕೈಯಾರೆ ಕಲಿಯಬೇಕು ಅಂತ ತಂದದ್ದು.

ಸೆಟಪ್ ಬೇಗ ಆಯಿತು. ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) 'ಅಬೋವ್ 4ಜಿ ಡಿಕೋಡಿಂಗ್' ಆನ್ ಮಾಡಿದೆ, ಇಲ್ಲದಿದ್ದರೆ ಜಾಸ್ತಿ ಕಾರ್ಡ್ ಹಾಕಿದಾಗ ತುಂಬ ಬೋರ್ಡುಗಳು ತಕರಾರು ಮಾಡುತ್ತವೆ. ಉಬುಂಟು ಸರ್ವರ್ 22.04 ಹಾಕಿದೆ, ಎನ್‌ವಿಡಿಯಾದ ಸ್ವಂತ ಡ್ರೈವರ್ ಹಾಕಿದೆ, ಪ್ರತಿ ಕಾರ್ಡಿನ ಪವರ್ ಲಿಮಿಟನ್ನು 125 ವ್ಯಾಟಿನಿಂದ 80ಕ್ಕೆ ಇಳಿಸಿದೆ. ಮಾನಿಟರ್ ಇಲ್ಲ, ಕೆಳಗಿನ ಕೋಣೆಯಿಂದ ಎಸ್‌ಎಸ್‌ಎಚ್ ಮಾಡಿ, ಅಂದರೆ ನೆಟ್‌ವರ್ಕ್ ಮೂಲಕ ಲಾಗಿನ್ ಆಗಿ ನೋಡುವುದು.

ಮೂರನೇ ದಿನ ಒಂದು ಕಾರ್ಡ್ ಮಾಯ. 'ಜಿಪಿಯು ಈಸ್ ಲಾಸ್ಟ್' ಅಂತ ಮೆಸೇಜು. ರೀಬೂಟ್ ಮಾಡಿದರೆ ಸರಿಯಾಗುತ್ತದೆ, ಮರುದಿನ ಮತ್ತೆ ಹೋಗುತ್ತದೆ. ಕೇಳಿದವರೆಲ್ಲ ಹೇಳಿದ್ದು ಒಂದೇ: ವೋಲ್ಟೇಜ್. ನಂಬುವ ಹಾಗೇ ಇತ್ತು. ನಮ್ಮದು ಲೈನಿನ ಕೊನೆಯ ಮನೆ, ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಬಿಡಲು ಸುತ್ತಲಿನ ಪಂಪುಗಳೆಲ್ಲ ಶುರುವಾದರೆ ಬಲ್ಬಿನ ಬೆಳಕೇ ಕುಗ್ಗುತ್ತದೆ. ಸ್ಟೆಬಿಲೈಸರ್ ತಂದು ಹಾಕಿದೆ. ಕಾರ್ಡ್ ಮತ್ತೂ ಹೋಯಿತು. ಡ್ರೈವರ್ ಎರಡು ಸಲ ಬದಲಾಯಿಸಿದೆ. ಅದರಿಂದಲೂ ಏನೂ ಆಗಲಿಲ್ಲ.

ಆಮೇಲೆ ಲಾಗ್ ಓದಲು ಕೂತೆ. ಜರ್ನಲ್‌ಸಿಟಿಎಲ್‌ಗೆ ಮೈನಸ್ ಕೆ, ಮೈನಸ್ ಬಿ ಮೈನಸ್ 1 ಕೊಟ್ಟರೆ ಹಿಂದಿನ ಬೂಟಿನ ಕರ್ನಲ್ ಲಾಗ್ (ಲಿನಕ್ಸಿನ ಒಳಗಿನ ದಾಖಲೆ) ಬರುತ್ತದೆ. ಅದರಲ್ಲಿ ಎನ್‌ವಿಡಿಯಾದ ಎರರ್ ನಂಬರ್ 'ಎಕ್ಸ್‌ಐಡಿ 79', ಕಾರ್ಡ್ ಬಸ್ಸಿನಿಂದ (ಬೋರ್ಡಿಗೂ ಕಾರ್ಡಿಗೂ ನಡುವಿನ ಡೇಟಾ ದಾರಿ) ಬಿದ್ದು ಹೋಗಿದೆ ಅಂತ ಇತ್ತು. ಅದಕ್ಕಿಂತ ಮುಖ್ಯ ಅದರ ಪಕ್ಕದ ಸಮಯ. ಒಮ್ಮೆ ಮಧ್ಯಾಹ್ನ ಎರಡು ಗಂಟೆ, ಒಮ್ಮೆ ಬೆಳಗಿನ ಜಾವ ಮೂರು ಗಂಟೆ. ಆ ಹೊತ್ತಿಗೆ ಯಾವ ತೋಟದಲ್ಲೂ ಪಂಪ್ ಇಲ್ಲ. ಪಿಸಿಐ ವಿಳಾಸ (ಕಾರ್ಡ್ ಕೂತ ಸ್ಲಾಟಿನ ಗುರುತು) ಮಾತ್ರ ಪ್ರತಿ ಸಲವೂ ಒಂದೇ, ಮೂರನೇ ಕಾರ್ಡಿನದು.

ಮತ್ತೆ ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸುತ್ತ ಹೋದೆ. ಮೊದಲು ಒಂದನೇ ಕಾರ್ಡನ್ನೂ ಮೂರನೆಯದನ್ನೂ ಅದಲು ಬದಲು ಮಾಡಿದೆ. ಬಿದ್ದದ್ದು ಅದೇ ಜಾಗ, ಅಂದರೆ ಕಾರ್ಡ್ ಸರಿ ಇದೆ. ಬೋರ್ಡಿನಿಂದ ದೂರ ಇಟ್ಟ ಕಾರ್ಡನ್ನು ಸ್ಲಾಟಿಗೆ ಜೋಡಿಸುವ ರೈಸರಿನ ಯುಎಸ್‌ಬಿ ಕೇಬಲ್ ಬದಲಾಯಿಸಿದೆ, ಆಗಲೂ ಅದೇ. ಅಷ್ಟರಲ್ಲಿ ಪಕ್ಕದ ಮನೆಯ ವಯರಿಂಗ್ ಮಾಡುವ ಅಣ್ಣ ಬಂದವರು ಮಾಳಿಗೆ ಹತ್ತಿ, ಮೂಗೆಳೆದು, "ಪ್ಲಾಸ್ಟಿಕ್ ಬಿಸಿಯಾದ ವಾಸನೆ ಬರ್ತದೆ ಮಾರಾಯ, ವೋಲ್ಟೇಜ್ ಬಿಡು, ಎಲ್ಲ ಪ್ಲಗ್ ಕಳಚಿ ನೋಡು" ಅಂದರು. ಕಳಚಿದೆ. ಮೂರನೇ ರೈಸರಿಗೆ ಕರೆಂಟ್ ಕೊಡುವ ಸಾಟಾ (ಹಾರ್ಡ್ ಡಿಸ್ಕಿಗೆ ಹಾಕುವಂಥ ಚಪ್ಪಟೆ ಪ್ಲಗ್) ಕನೆಕ್ಟರಿನ ಕಪ್ಪು ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಮೇಣದ ಹಾಗೆ ಮೆತ್ತಗಾಗಿ ಕೂತಿತ್ತು, ಒಳಗಿನ ಹಳದಿ ವಯರಿನ ಪಿನ್ನು ಕಂದು ಬಣ್ಣಕ್ಕೆ ತಿರುಗಿತ್ತು. ಕೈ ನಡುಗಿತು. ಮೇಲೆ ಇರುವುದು ಹಳೇ ಮರದ ಮಾಡು.

ಇದನ್ನು ದಯವಿಟ್ಟು ಗಮನಿಸಿ. ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್, ಒಟ್ಟು 54 ವ್ಯಾಟ್. ಪಿಸಿಐ ಸ್ಲಾಟಿನಿಂದ ಕಾರ್ಡ್ 75 ವ್ಯಾಟ್‌ವರೆಗೆ ಎಳೆಯಬಹುದು, ರೈಸರ್ ಇದ್ದರೆ ಅದೆಲ್ಲ ಬರುವುದು ಈ ಪ್ಲಗ್ಗಿನಿಂದಲೇ. ಪಿನ್ ಸ್ವಲ್ಪ ಸಡಿಲವಿದ್ದರೂ ಸಾಕು, ಅಲ್ಲಿ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಸಂಪರ್ಕ ಕೆಡುತ್ತದೆ. ರೈಸರ್ ಜೊತೆ ಪೊಟ್ಟಣದಲ್ಲೇ ಬರುವ ಸಾಟಾದಿಂದ 6 ಪಿನ್ನಿಗೆ ಹೋಗುವ ಕೇಬಲನ್ನು ಬಳಸಲೇಬೇಡಿ. ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿನ ಪವರ್ ಸಪ್ಲೈ) ನೇರ 6 ಪಿನ್ ಕೇಬಲ್ ಎಳೆಯಿರಿ. ನಾನು ನಾಲ್ಕಕ್ಕೂ ಹಾಗೇ ಮಾಡಿದೆ. ಅವತ್ತಿನಿಂದ ಲಾಗ್‌ನಲ್ಲಿ ಎಕ್ಸ್‌ಐಡಿ 79 ಬಂದಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: ಎಲ್ಲ ಸೇರಿ ಸುಮಾರು 400 ವ್ಯಾಟ್, ದಿನವಿಡೀ ಓಡಿದರೆ 9.6 ಯೂನಿಟ್. ಕೇರಳದಲ್ಲಿ ಮನೆ ಬಳಕೆ ತಿಂಗಳಿಗೆ 250 ಯೂನಿಟ್ ದಾಟಿದರೆ ಮೊದಲ ಯೂನಿಟ್‌ನಿಂದಲೇ ಜಾಸ್ತಿ ದರ, ಇದೊಂದೇ ಆ ಗೆರೆ ದಾಟಿಸುತ್ತದೆ. ಮಾರಿದ ಕಾಯಿನ್ ಮೇಲೆ ಶೇಕಡಾ 30 ತೆರಿಗೆ, ಅದರಲ್ಲಿ ಕರೆಂಟ್ ಬಿಲ್ ಕಳೆಯುವ ಹಾಗಿಲ್ಲ. ಅದಕ್ಕೆ ಈಗ ಎರಡೇ ಕಾರ್ಡ್ ಓಡಿಸುತ್ತಿದ್ದೇನೆ.

ಮಳೆಗಾಲಕ್ಕೆ ಇನ್ನೊಂದು ಬದಲಾವಣೆ ಮಾಡಿದೆ. ಕರೆಂಟ್ ಹೋಗಿ ಬಂದ ಕೂಡಲೇ ವೋಲ್ಟೇಜ್ ಏರುಪೇರಾಗುವುದರಿಂದ, ಸಿಸ್ಟಮ್‌ಡಿಯಲ್ಲಿ (ಬೂಟ್ ಆದಾಗ ಪ್ರೋಗ್ರಾಮುಗಳನ್ನು ಶುರು ಮಾಡುವ ಲಿನಕ್ಸಿನ ಭಾಗ) ಮೈನರ್ ಶುರುವಾಗುವ ಮೊದಲು 120 ಸೆಕೆಂಡ್ ಕಾಯುವ ಹಾಗೆ ಮಾಡಿದೆ. ಗುಡುಗು ಕೇಳಿದರೆ ಮಾತ್ರ ಅಮ್ಮ ಕೆಳಗಿನಿಂದ ಕೂಗುತ್ತಾರೆ, ನಾನು ಮೇಲೆ ಹೋಗಿ ಶಟ್‌ಡೌನ್ ಮಾಡಿ, ಪ್ಲಗ್ಗನ್ನೂ ಲ್ಯಾನ್ ಕೇಬಲನ್ನೂ ಎಳೆದು ಬರುತ್ತೇನೆ.